ಎರ್ರಿಯಪ್ಪನ ಮನೆಯ ಪಾತ್ರೆಗಳು ಟಿವಿಗೆ ಬಂದದ್ದು

ಟಿ.ಬಿ. ಡ್ಯಾಂ ಕ್ವಾರ್ಟರ್ಸಿನಲ್ಲೆಲ್ಲ ಎರ್ರಿಯಪ್ಪನಷ್ಟು ನೆಮ್ಮದಿಯ ಮನುಷ್ಯ ಇನ್ನೊಬ್ಬನಿಲ್ಲ ಎಂದು ಟಿವಿಯವರು ತೀರ್ಮಾನಿಸಿದರು. ಅದಕ್ಕೆ ಕಾರಣ ಇಷ್ಟೇ: ಅವರು ಹುಡುಕಿಕೊಂಡು ಬಂದ ಹೊತ್ತಿನಲ್ಲಿ ಅವನೊಬ್ಬನೇ ಮನೆಯ ಮುಂದೆ ಸುಮ್ಮನೆ ಕೂತಿದ್ದ.

ಎರ್ರಿಯಪ್ಪ ಕಾಲುವೆ ಕಚೇರಿಯಲ್ಲಿ ಗುಮಾಸ್ತ. ನಾನು ಅಲ್ಲಿ ಅವನ ಪಕ್ಕದ ಮೇಜಿನವನು, ಕ್ವಾರ್ಟರ್ಸಿನಲ್ಲಿ ಅವನ ಹಿಂದಿನ ಸಾಲಿನವನು. ಹೀಗಾಗಿ ಅವನ ಬಗ್ಗೆ ಮಾತಾಡಲು ನನಗೆ ಎರಡು ಕಡೆಯಿಂದಲೂ ಅಧಿಕಾರವಿದೆ. ಬೆಳಿಗ್ಗೆ ಹತ್ತಕ್ಕೆ ಬಂದು ಕಡತ ಬಿಚ್ಚುತ್ತಾನೆ, ಪೆನ್ನಿನ ಮುಚ್ಚಳ ತೆಗೆಯುತ್ತಾನೆ, ಒಮ್ಮೆ ಕಿಟಕಿಯಾಚೆ ಹಿನ್ನೀರನ್ನು ನೋಡುತ್ತಾನೆ. ಅಲ್ಲಿಗೆ ಮುಗಿಯಿತು. ನೀರಿನ ಮೇಲಿನ ಮಂಜಿನೊಳಗೆ ಎಲ್ಲಿಗೋ ಹೋದವನು ಊಟದ ಹೊತ್ತಿಗೆ ವಾಪಸು ಬರುತ್ತಾನೆ. ಅಲ್ಲಿ ಏನು ನೋಡುತ್ತೀಯ ಎಂದು ಒಂದು ದಿನ ಕೇಳಿದೆ.

"ಏನಿಲ್ಲಪ. ನೀರಾಗ ಮುಳುಗಿದ ಊರುಗಳದಾವಲ್ಲ, ಅಲ್ಲೆ ಇನ್ನೂ ಯಾರಾರ ಚಾ ಕಾಸ್ತಿರ್ತಾರೇನೋ ಅಂತ" ಎಂದ.

ಇಂಥವನ ಮೇಜಿನಿಂದ ಕಡತ ಮುಂದಕ್ಕೆ ಹೋಗುವುದು ಹೇಗೆ, ನೀವೇ ಹೇಳಿ.

ಈಗ ಟಿವಿಯವರ ವಿಷಯ. ಟಿವಿಯವರು ಎಂದರೆ ಒಬ್ಬನೇ ದುರುಗೇಶ. ಹೊಸಪೇಟೆಯಲ್ಲಿ ಇಪ್ಪತ್ತು ವರ್ಷಗಳಿಂದ 'ಏಳುಕೇರಿ ಟಿವಿ' ಎಂಬ ಕೇಬಲ್ ಚಾನೆಲ್ಲು ನಡೆಸುತ್ತಾನೆ. ಡ್ಯಾಮಿನ ನೀರಿನ ಮಟ್ಟ, ಕರೆಂಟು ಹೋಗುವ ವೇಳೆ, ಹುಟ್ಟುಹಬ್ಬದ ಶುಭಾಶಯ, ಇವು ಅದರ ಕಾರ್ಯಕ್ರಮಗಳು. ಅದರಲ್ಲಿ ಎಲ್ಲರ ಮುಖವೂ ಗಂಜಿಯೊಳಗಿಂದ ನೋಡಿದ ಹಾಗೆ ಕಾಣುತ್ತಿತ್ತು. ಒಂದು ವರ್ಷ ನಮ್ಮ ಸಾಹೇಬರಾದ ಕೊಟ್ರಯ್ಯನವರ ಹುಟ್ಟುಹಬ್ಬಕ್ಕೆ ಯಾರದೋ ಕೂಸಿನ ಜವಳದ ಫೋಟೊ ತಪ್ಪಾಗಿ ಬಂದುಬಿಟ್ಟಿತ್ತು. ಸಾಹೇಬರು ಅದನ್ನು ನೋಡಿ, ಚೆನ್ನಾಗಿ ಬಂದಿದೆ ಎಂದು ಥ್ಯಾಂಕ್ಸ್ ಹೇಳಿ ಕಳಿಸಿದ್ದರು.

ಈ ವರ್ಷ ದುರುಗೇಶ ಎಚ್‌ಡಿ ಕ್ಯಾಮೆರಾ ತಂದ. ಚಾನೆಲ್ಲಿನ ಹೆಸರು 'ಏಳುಕೇರಿ ಎಚ್‌ಡಿ' ಆಯಿತು. ಸಂಡೂರಿನಿಂದ ಕಂಪ್ಲಿಯವರೆಗೆ ವೈರು ಎಳೆಸಿದ. ಎರ್ರಿಯಪ್ಪನ ಮನೆ ಮುಂದೆ ಬೈಕು ನಿಲ್ಲಿಸಿ ಅವನು ಮಾಡಿದ ಭಾಷಣವನ್ನು ನಾನು ಕಿವಿಯಾರೆ ಕೇಳಿದ್ದೇನೆ.

"ಇಷ್ಟು ದಿನ ದೊಡ್ಡ ಊರಿನೋರು ಮಾಡಿದ್ದನ್ನ ನಾವು ಕುಂತು ನೋಡಿದ್ವಿರಿ. ಇನ್ನ ನಮ್ದು ನಾವ ಮಾಡ್ತೀವಿ. ಹಂಪಿನ ಎಲ್ಲಾರೂ ತೋರಸ್ತಾರ, ಹಂಪಿ ನೋಡಾಕ ಹೋಗೋರ ಮನಿ ಯಾರು ತೋರಸ್ತಾರ? 'ಮನಿಮನಿ ಬೆಳಕು' ಅಂತ ಕಾರ್ಯಕ್ರಮ. ವಾರಕ್ಕೊಂದು ಮನಿ, ಒಬ್ಬ ನೆಮ್ಮದಿ ಮನಷ್ಯ. ಮೊದಲ್ನೇದು ನಿಮ್ದ."

"ನಮ್ದಾ?" ಎಂದ ಎರ್ರಿಯಪ್ಪ. ಅಷ್ಟರಲ್ಲೇ ಅವನ ಕಣ್ಣು ದೂರಕ್ಕೆ ಹೋಗಿತ್ತು. ಬಂಡ್ರಿ, ಯಶವಂತನಗರ, ಕಂಪ್ಲಿ, ಎಲ್ಲ ಕಡೆ ಜನ ಉಣ್ಣುವುದನ್ನು ಬಿಟ್ಟು ತನ್ನನ್ನೇ ನೋಡುತ್ತಿರುವುದು ಅವನಿಗೆ ಕಂಡಿತು ಎಂದು ನನಗೆ ಗೊತ್ತಾಯಿತು. ಬೇಡ ಎನ್ನಲು ನಾನು ಬಾಯಿ ತೆರೆದೆ. ಆಮೇಲೆ, ಕಾರ್ಯಕ್ರಮದಲ್ಲಿ ಪಕ್ಕದ ಮೇಜಿನವನನ್ನೂ ತೋರಿಸಬಹುದು ಎಂದುಕೊಂಡು ಮುಚ್ಚಿದೆ.

ಶೂಟಿಂಗಿನ ಹಿಂದಿನ ದಿನ ಎರ್ರಿಯಪ್ಪನಿಗೆ ಒಂದು ಚಿಂತೆ ಹತ್ತಿತು. ಅವನು ಕೂರುವ ಕುರ್ಚಿಯ ಹಿಂದೆ ಪಾತ್ರೆ ಇಡುವ ಸ್ಟ್ಯಾಂಡು ಬರುತ್ತದೆ. ಅವನ ಹೆಂಡತಿ ಸುಂಕಲಮ್ಮ ಅಚ್ಚುಕಟ್ಟಿನ ಹೆಂಗಸು, ಬೇಕಾದ ಆರು ತಟ್ಟೆ, ಆರು ಲೋಟ ಇಟ್ಟುಕೊಂಡು ಉಳಿದುದನ್ನು ಅಟ್ಟಕ್ಕೆ ಹಾಕಿದವಳು. ನೆಮ್ಮದಿಯ ಮನುಷ್ಯನ ಬೆನ್ನ ಹಿಂದೆ ಆರು ತಟ್ಟೆಯೇ? ಎರ್ರಿಯಪ್ಪ ಅಟ್ಟ ಹತ್ತಿದ. ಅದೂ ಸಾಲದೆ ಕ್ವಾರ್ಟರ್ಸಿನ ಎಂಟು ಮನೆ ತಿರುಗಿ ಡಬರಿ, ಚರಿಗೆ, ಟಿಫನ್ ಡಬ್ಬಿಗಳನ್ನು ಕೇಳಿ ತಂದ. ಸ್ಟ್ಯಾಂಡು ತುಂಬಿತು. ನಡುವಿನಲ್ಲಿ ಮಾತ್ರ ಒಂದು ದೊಡ್ಡ ಜಾಗ ಖಾಲಿ ಉಳಿಯಿತು. ಅಲ್ಲಿಗೆ ಹಿತ್ತಾಳೆಯದೇ ಏನಾದರೂ ಬೇಕು ಎನಿಸಿತು. ಹಿತ್ತಾಳೆಯದು ಆ ಮನೆಯಲ್ಲಿ ಇದ್ದುದು ಒಂದೇ, ಅಟ್ಟದ ಮೂಲೆಯಲ್ಲಿ ಗೋಣಿ ಸುತ್ತಿಟ್ಟ ಕೊಡ.

"ಆ ಕೊಡ ಮಾತ್ರ ಇಳಸಬ್ಯಾಡ್ರಿ" ಎಂದಳು ಸುಂಕಲಮ್ಮ.

ಆ ಕೊಡದ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ಅದು ಎರ್ರಿಯಪ್ಪನ ತಾಯಿ ಕರೆಮ್ಮನದು. ಸಾಯುವ ಮುಂಚೆ ಆಕೆ ಅದನ್ನು ಮಗಳು ಜಂಬವ್ವನಿಗೆ ಕೊಡಬೇಕೆಂದು ಹೇಳಿದ್ದಳು. ಜಂಬವ್ವ ಎಂದರೆ ಎರ್ರಿಯಪ್ಪನ ಅಕ್ಕ, ಕಂಪ್ಲಿಗೆ ಕೊಟ್ಟಿದ್ದಾರೆ. ಹದಿನಾಲ್ಕು ವರ್ಷದ ಹಿಂದೆ, ತಾಯಿಯ ದಿನಕರ್ಮಗಳೆಲ್ಲ ಮುಗಿದ ಮೇಲೆ ಅಕ್ಕ ಕೊಡ ಕೇಳಿದಳು. ಎರ್ರಿಯಪ್ಪ ಕಿಟಕಿ ಕಡೆ ನೋಡುತ್ತ, ಅಟ್ಟ ಹತ್ತಿ ನೋಡದೆ, "ಇಲ್ಲಿ ಇಲ್ಲಕ್ಕ, ನೀನ ಯಾವಾಗರ ಒಯ್ದಿರಬೇಕು" ಎಂದುಬಿಟ್ಟ. ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. ಅವ್ವನ ಕೊಡ ಕಣ್ಣಿಗೆ ಬೀಳುವತನಕ ನಿನ್ನ ಹೊಸ್ತಿಲು ತುಳಿಯುವುದಿಲ್ಲ ಎಂದು ಹೇಳಿ ಬಸ್ಸು ಹತ್ತಿದಳು. ಆರು ತಿಂಗಳಿಗೆ ಅಟ್ಟದಲ್ಲೇ, ಒಣಮೆಣಸಿನಕಾಯಿ ಮೂಟೆಯ ಹಿಂದೆ ಕೊಡ ಸಿಕ್ಕಿತು. ಫೋನು ಮಾಡಿ ಹೇಳಿ ಎಂದು ಸುಂಕಲಮ್ಮ ಅಂದೇ ಹೇಳಿದಳು. ನಾಳೆ ಹೇಳುತ್ತೇನೆ ಎಂದ. ಆ ನಾಳೆ ಹದಿಮೂರೂವರೆ ವರ್ಷವಾದರೂ ಬರಲಿಲ್ಲ. ತಡವಾದಷ್ಟೂ ಹೇಳುವುದು ಕಷ್ಟವಾಯಿತು. ಹಬ್ಬ ಬಂದಾಗಲೆಲ್ಲ ಅವನು ಬಾಗಿಲ ಕಡೆ ನೋಡುವುದನ್ನು ನಾನು ಕಂಡಿದ್ದೇನೆ. ಅಕ್ಕನೆಂದರೆ ಅವನಿಗೆ ಪ್ರಾಣ.

"ಟಿವಿಯಾಗ ಏನ್ ಕಾಣ್ತೈತ್ಲೇ" ಎಂದ ಎರ್ರಿಯಪ್ಪ ಹೆಂಡತಿಗೆ. "ಸಾಹೇಬ್ರು ಕೂಸಾಗಿದ್ದು ಮರತ್ಯೇನು? ಹಳದಿ ಬಣ್ಣ ಒಂದು ಮಿಂಚ್ತೈತಿ, ಅಷ್ಟ. ಬೇಕಾರ ಹೆಸರು ಗ್ವಾಡಿ ಕಡೆ ಮಾಡ್ತೀನಿ."

ಕೊಡದ ಒಂದು ಮಗ್ಗುಲಲ್ಲಿ 'ಕರೆಮ್ಮ, ಬಂಡ್ರಿ' ಎಂದು ಚುಕ್ಕಿ ಚುಕ್ಕಿಯಾಗಿ ಕೊರೆದಿತ್ತು. ಇನ್ನೊಂದು ಮಗ್ಗುಲಲ್ಲಿ ಕಾಲುವೆಗೆ ಬಿದ್ದಾಗಿನ ನೆಗ್ಗು. ಎರ್ರಿಯಪ್ಪ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು, ಹೆಸರನ್ನು ಗೋಡೆಗೆ ತಿರುಗಿಸಿ, ನೆಗ್ಗನ್ನು ಮುಂದೆ ಮಾಡಿ ನಡುವೆ ಇಟ್ಟ.

ಮರುದಿನ ಬೆಳಿಗ್ಗೆ ದುರುಗೇಶ ಬಂದ. ಕ್ಯಾಮೆರಾದಲ್ಲಿ ಕಣ್ಣಿಟ್ಟ. ಹಿನ್ನೀರಿನ ಬಿಸಿಲು ಕಿಟಕಿಯಿಂದ ಒಳಗೆ ಬಂದು ಪಾತ್ರೆಗಳ ಮೇಲೆ ಅಲೆಯಾಡುತ್ತಿತ್ತು. ಆಮೇಲೆ ಅವನು ತಲೆ ಎತ್ತಿ, "ನೆಗ್ಗು ಕಾಣ್ತೈತ್ರಿ" ಎಂದ. "ಇದು ಎಚ್‌ಡಿ. ಇರುವಿ ಮೀಸಿನೂ ಬಿಡಂಗಿಲ್ಲ. ಪಾತ್ರಿ ಎಲ್ಲಾ ಚಲೋ ಮಗ್ಗಲ ಮುಂದ ಮಾಡ್ಬೇಕು."

ಎರ್ರಿಯಪ್ಪ ಆಗ ಕುರ್ಚಿಯಲ್ಲಿ ಕೂತು, ನೆಮ್ಮದಿಯ ಮುಖ ಮಾಡುತ್ತ ನೀರಿನಾಚೆ ಹೊರಟುಹೋಗಿದ್ದ. ದುರುಗೇಶ ಒಂದೊಂದೇ ಪಾತ್ರೆಯನ್ನು ತಿರುಗಿಸಿಟ್ಟ. ಪಾತ್ರೆಯ ಚಲೋ ಮಗ್ಗುಲು ಯಾವುದು ಎಂದು ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಹೆಸರು ಕೊರೆಸುವುದು ಅಲ್ಲೇ.

ಭಾನುವಾರ ಸಂಜೆ ಏಳಕ್ಕೆ ಕಾರ್ಯಕ್ರಮ ಬಂತು. ನಾನು ಮನೆಯಲ್ಲೇ ನೋಡಿದೆ. ಕೊಳಲು ಸಣ್ಣಗೆ ಕೇಳಿಸುತ್ತಿತ್ತು. ಇಪ್ಪತ್ತೆರಡು ನಿಮಿಷದಲ್ಲಿ ಎರ್ರಿಯಪ್ಪ ಮೂರು ನಿಮಿಷ ಇದ್ದ, ಪಕ್ಕದ ಮೇಜಿನವನು ಇರಲೇ ಇಲ್ಲ. ಉಳಿದುದೆಲ್ಲ ಪಾತ್ರೆ. ದುರುಗೇಶ ಜೀವಮಾನದಲ್ಲಿ ಮೊದಲ ಸಲ ಒಂದು ವಸ್ತು ಸ್ಪಷ್ಟವಾಗಿ ಕಾಣುವುದನ್ನು ಕಂಡಿದ್ದ, ಕ್ಯಾಮೆರಾ ಅಲ್ಲಿಂದ ಏಳಲೊಲ್ಲದು. ಲೋಟದ ಅಂಚಿನಿಂದ ತಟ್ಟೆಗೆ, ತಟ್ಟೆಯಿಂದ ಡಬರಿಗೆ, ನಿದ್ದೆಯಲ್ಲಿ ನಡೆದ ಹಾಗೆ ಮೆಲ್ಲಗೆ ಸಾಗಿತು. ಬೆಳ್ಳಿಯ ಬೆಟ್ಟದ ಮೇಲೆ ಬೆಳಗಾಗುತ್ತಿರುವಂತೆ ಕಂಡು ನನಗೂ ಮಂಪರು ಹತ್ತಿತು. ಆ ಬೆಳಕಿನೊಳಗಿಂದ ಅಕ್ಷರಗಳು ಎದ್ದು ಬಂದವು.

'ಮಾರೇಶ್-ಹೇಮಾವತಿ ಶುಭವಿವಾಹ.' 'ಕ್ಯಾಂಟೀನ್, ಹೊರಗೆ ಒಯ್ಯಬಾರದು.' 'ಕೊಟ್ರಯ್ಯನವರ ಗೃಹಪ್ರವೇಶಕ್ಕೆ, ರೇಣುಕಾದೇವಿ ಟೀಚರ್.'

ನನ್ನ ಹೆಂಡತಿ ನನ್ನನ್ನು ನೋಡಿದಳು. ಕೊಟ್ರಯ್ಯ ಸಾಹೇಬರ ಗೃಹಪ್ರವೇಶದ ತಟ್ಟೆ ಎರ್ರಿಯಪ್ಪನ ಮನೆಯಲ್ಲಿ ಯಾಕಿದೆ? ಎರ್ರಿಯಪ್ಪನ ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಸಾಹೇಬರು ಬಣ್ಣದ ಕಾಗದ ಸುತ್ತಿ ಕೊಟ್ಟದ್ದು ಅದೇ. ಟೀಚರು ಕೊಟ್ಟದ್ದನ್ನು ಸಾಹೇಬರು ಪೆಟ್ಟಿಗೆ ಬಿಚ್ಚದೆ ಮುಂದಕ್ಕೆ ದಾಟಿಸಿದ್ದರು. ಹಾಗೆಂದು ಸಾಹೇಬರನ್ನು ನಾನು ಬಯ್ಯಲಾರೆ. ಮೇಲಿನ ಸಾಲಿನ ಎಡಕ್ಕಿದ್ದ ಚರಿಗೆ ನಮ್ಮ ಮನೆಯಿಂದ ಹೋದದ್ದು, ಅದರ ಮೇಲಿದ್ದ ಹೆಸರು ನಮ್ಮ ವಂಶದಲ್ಲಿ ಯಾರದೂ ಅಲ್ಲ.

ಕೊನೆಗೆ ಕ್ಯಾಮೆರಾ ನಡುವಿಗೆ ಬಂತು. ಹಿತ್ತಾಳೆ ಕೊಡ ಪರದೆ ತುಂಬ ಹೊಳೆಯಿತು. ಕರೆಮ್ಮ, ಬಂಡ್ರಿ. ದುರುಗೇಶ ಅಲ್ಲೇ ನಿಂತುಬಿಟ್ಟ, ಪೂರಾ ಒಂದು ನಿಮಿಷ.

ಆಮೇಲೆ ಏಳುಕೇರಿ ಎಚ್‌ಡಿಯ ಫೋನು ಬಿಡುವಿಲ್ಲದೆ ಹೊಡೆದುಕೊಂಡಿತು. ಯಶವಂತನಗರದಿಂದ ಒಬ್ಬರು, ತಮ್ಮ ಮದುವೆಯಲ್ಲಿ ಕಳೆದ ತಂಬಿಗೆ ಎರಡನೇ ಸಾಲಿನಲ್ಲಿದೆ ಎಂದರು. ಸಂಡೂರಿನ ಒಬ್ಬಾಕೆ, ಮೂರನೇ ಸಾಲನ್ನು ಇನ್ನೊಮ್ಮೆ ತೋರಿಸಿ, ಓದುತ್ತಿದ್ದಾಗ ಹಾಲು ಉಕ್ಕಿತು ಎಂದಳು. ದುರುಗೇಶನಿಗೆ ಸ್ವರ್ಗ ಮೂರೇ ಗೇಣು. ನಾಳೆ ಬೆಳಿಗ್ಗೆ ಮರುಪ್ರಸಾರ ಎಂದು ಪರದೆಯ ಕೆಳಗೆ ಹಾಕಿದ.

ಏಳೂವರೆಗೆ ಎರ್ರಿಯಪ್ಪ ನಮ್ಮ ಮನೆಗೆ ಬಂದ.

"ಕಂಪ್ಲಿಯಿಂದ ಅಂಜಲಿ ಫೋನ್ ಮಾಡಿದ್ಲು" ಎಂದ. ಅಂಜಲಿ ಎಂದರೆ ಜಂಬವ್ವನ ಮಗಳು. "'ಮಾಮ, ಅವ್ವ ಟಿವಿ ನೋಡಿದ್ಲು. ಕೊಡದ ಮ್ಯಾಲಿಂದು ನನ್ ಕಡೆ ಎಲ್ಡು ಸಲ ಓದ್ಸಿದ್ಲು. ಅವಾಗಿಂದ ಬ್ಯಾರೆ ಏನೂ ಹೇಳವಲ್ಲಳು. ನಾಳೆ ಮೊದಲ್ನೇ ಬಸ್ಸಿಗೆ ಬರ್ತಾಳಂತ' ಅಂದ್ಲು."

"ಬರ್ಲಿ ಬಿಡೋ, ಇದ್ದದ್ದು ಹೇಳು" ಎಂದೆ.

"ಏನಂತ ಹೇಳ್ಲಿ? ಹದಿನಾಕು ವರ್ಷ ಮುಚ್ಚಿಟ್ಟಿದ್ದೆ ಅಂತಾ? ಇಷ್ಟು ದಿನ ಸಿಟ್ಟಾಗಿದ್ಲು, ಅಕ್ಕ ಅಂತಾರ ಇದ್ಲು. ಇದು ಗೊತ್ತಾದ್ರ ನಾ ಆಕಿ ಪಾಲಿಗೆ ಸತ್ತಂಗ" ಎಂದ. ನನಗೆ ನಿಜವಾಗಿ ಸಂಕಟವಾಯಿತು.

ಬೆಳಗಾಗುವ ಹೊತ್ತಿಗೆ ಅವನೊಂದು ಉಪಾಯ ಹುಡುಕಿಕೊಂಡಿದ್ದ. ಪೇಟೆಗೆ ಒಯ್ದು ಕೊಡದ ಮೇಲಿನ ಹೆಸರು ಅಳಿಸಿಸುವುದು. ಅಕ್ಕ ಬಂದಾಗ, ಇದು ಬೇರೆ ಕೊಡ, ಟಿವಿಯವರು ತಪ್ಪು ತೋರಿಸಿದ್ದಾರೆ ಎನ್ನುವುದು. ಸಂಡೂರಿನಿಂದ ಕಂಪ್ಲಿವರೆಗೆ ಜನ ಕಣ್ಣಾರೆ ಓದಿದ್ದನ್ನು ಇಲ್ಲ ಎನ್ನುವುದು ಹೇಗೆ ಎಂದು ನಾನು ಕೇಳಿದೆ. "ಬರೀ ಎಚ್‌ಡಿ ಅಂತೀನಿ" ಎಂದ. ಆ ಮಾತಿನ ಅರ್ಥ ನನಗೆ ಇವತ್ತಿಗೂ ಆಗಿಲ್ಲ.

ಕೊಡವನ್ನು ಗೋಣಿಚೀಲಕ್ಕೆ ಹಾಕಿಕೊಂಡು ಹೊರಟರೆ ಅಂಗಳದಲ್ಲೇ ಕೊಟ್ರಯ್ಯ ಸಾಹೇಬರು ನಿಂತಿದ್ದರು. ಅವರ ಎದುರಿಗೆ ರೇಣುಕಾದೇವಿ ಟೀಚರು.

"ಏನ್ರಿ ಕೊಟ್ರಯ್ಯನೋರ, ನನ್ ತಾಟು ನಿಮಗ ಸೇರಲಿಲ್ಲೇನ್ರಿ?" ಎಂದರು ಟೀಚರು, ಹಾಜರಿ ತೆಗೆದುಕೊಳ್ಳುವ ದನಿಯಲ್ಲಿ.

"ಹಂಗಲ್ರಿ ಮೇಡಂ. ಭಾಳ ಸೇರಿತ್ತು. ಅದಕ್ಕ ನಮ್ ಎರ್ರಿಯಪ್ಪನ ಮನ್ಯಾಗ ಇಡ್ಸಿದ್ದೆ, ಜೋಪಾನಕ್ಕ. ಹೌದಲ್ಲೋ ಎರ್ರಿಯಪ್ಪ?"

"ಹೌದ್ರಿ ಸಾಹೇಬ್ರ" ಎಂದ ಎರ್ರಿಯಪ್ಪ, ಬಸ್ಸಿನ ಕಡೆ ನೋಡುತ್ತ.

"ಹಂಗಾರ ಬಣ್ಣದ ಕಾಗದ ಸುತ್ತಿ, ಅದರ ಮ್ಯಾಲೆ ನಿಮ್ಮ ಹೆಸರು ಬರದು ಜೋಪಾನ ಮಾಡ್ಸಿದ್ರಿ?"

ಸಾಹೇಬರು ಇದಕ್ಕೆ ಏನು ಉತ್ತರ ಕೊಟ್ಟರೋ ಗೊತ್ತಿಲ್ಲ, ನಾವು ಬಸ್ಸು ಹತ್ತಿದ್ದೆವು.

ಪೇಟೆಯಲ್ಲಿ ಉಚ್ಚೆಂಗಪ್ಪನ ಪಾತ್ರೆ ಅಂಗಡಿ ಎಂದರೆ ಮೂರು ತಲೆಮಾರಿನ ಹೆಸರುಗಳನ್ನೆಲ್ಲ ಕೊರೆದ ಅಂಗಡಿ. ಅವತ್ತು ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಅರ್ಧ ಹೊಸಪೇಟೆ ಚೀಲ ಹಿಡಿದು ನಿಂತಿತ್ತು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಯಾರ ಚೀಲವೂ ಬಾಯಿ ತೆರೆದಿರಲಿಲ್ಲ. ಮುಂದಿನ ವಾರ ದುರುಗೇಶ ಯಾರ ಮನೆಗೆ ಬರುತ್ತಾನೋ ತಿಳಿಯದು, ಅದಕ್ಕೇ ಎಲ್ಲರೂ ಬೇರೆಯವರ ಹೆಸರು ಅಳಿಸಲು ಬಂದಿದ್ದರು.

"ಹೆಸರು ಹಾಕೋ ಮಷೀನ್ ಐತ್ರಪ್ಪ ನನ್ ಕಡೆ, ತಗಿಯೋ ಮಷೀನ್ ಇಲ್ಲ" ಎಂದು ಉಚ್ಚೆಂಗಪ್ಪ ಮುದುಕ ಗೋಗರೆಯುತ್ತಿದ್ದ. ಜನ ಕದಲಲಿಲ್ಲ. ಅವನು ಬೇಸತ್ತು ಕೈಯೆತ್ತಿದ. "ಅಳಸೋರು ಆ ಕಡೆ ನಿಂದರ್ರಿ, ಉಜ್ಜಾಕ ಆಕ್ಕೈತೇನು ನೋಡ್ತೀನಿ. ಬರಸೋರು ಈ ಕಡೆ ಬರ್ರಿ."

ಆ ಕಡೆಯ ಸಾಲು ಅಂಗಡಿ ದಾಟಿ, ರಸ್ತೆ ದಾಟಿ ಹೂವಿನವಳ ಬುಟ್ಟಿಯತನಕ ಹೋಯಿತು. ಎರ್ರಿಯಪ್ಪ ಅದರಲ್ಲಿ ನಿಂತ. ಈ ಕಡೆಯ ಸಾಲಿನಲ್ಲಿ ಒಬ್ಬಳೇ ಹೆಂಗಸು ಇದ್ದಳು. ಹಸಿರು ಸೀರೆ, ತಲೆಯ ಮೇಲೆ ಸೆರಗು, ಕಂಕುಳಲ್ಲಿ ಆಗ ತಾನೇ ಕೊಂಡ ದೊಡ್ಡ ಸ್ಟೀಲಿನ ಡಬರಿ.

"ಏನಂತ ಬರೀಲವ್ವ?" ಎಂದ ಉಚ್ಚೆಂಗಪ್ಪ.

"'ತಮ್ಮ ಎರ್ರಿಯಪ್ಪಗ, ಅಕ್ಕ ಜಂಬವ್ವ, ಕಂಪ್ಲಿ' ಅಂತ ಬರೀರಿ. ಅಕ್ಷರ ದೊಡ್ಡು ಇರ್ಲಿ, ಟಿವಿಯೋರು ಬಂದ್ರ ಕಾಣ್ಬೇಕು."

"ಏನ್ ವಿಶೇಷ?"

"ಹದಿನಾಕು ವರ್ಷದ ಮ್ಯಾಲೆ ತಮ್ಮನ ಮನಿಗೆ ಹೊಂಟೀನ್ರಿ. ಕೊಡ ಕಣ್ಣಿಗೆ ಬೀಳೋತನ ಬರಂಗಿಲ್ಲ ಅಂತ ಬಾಯಿ ತಪ್ಪಿ ಅಂದಿದ್ದೆ. ಅಂದ ಮ್ಯಾಲೆ ಹೆಂಗ ಹೋಗೋದು? ನಿನ್ನೆ ಬಿತ್ತು. ಬರಿಗೈಲೆ ಹೆಂಗ ಹೋಗ್ಲಿ?"

ನಾನು ಎರ್ರಿಯಪ್ಪನ ಕಡೆ ತಿರುಗಿದೆ. ಅವನು ಸುಮ್ಮನೆ ಜಾರಿಕೊಳ್ಳಬಹುದಿತ್ತು. ಚೀಲದೊಂದಿಗೆ ಮನೆಗೆ ಓಡಿ, ಕೊಡವನ್ನು ಸ್ಟ್ಯಾಂಡಿನಲ್ಲಿಟ್ಟು, ಏನೂ ತಿಳಿಯದವನಂತೆ ಬಾಗಿಲಲ್ಲಿ ನಿಲ್ಲಬಹುದಿತ್ತು. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ, ಅದನ್ನು ನಿಮ್ಮಿಂದ ಮುಚ್ಚಿಟ್ಟು ಏನು ಪ್ರಯೋಜನ. ಎರ್ರಿಯಪ್ಪ ಮಾತ್ರ ಉದ್ದನೆಯ ಸಾಲನ್ನು ಬಿಟ್ಟು ಈ ಕಡೆಗೆ ನಡೆದ. ಅವನ ಕಣ್ಣು ಎಲ್ಲಿಗೂ ಹೋಗಿರಲಿಲ್ಲ, ನೆಟ್ಟಗೆ ಅಕ್ಕನ ಬೆನ್ನ ಮೇಲಿತ್ತು.

"ಅಕ್ಕ" ಎಂದ.

ಜಂಬವ್ವ ತಿರುಗಿದಳು. ಅವನನ್ನು ನೋಡಿದಳು, ಚೀಲ ನೋಡಿದಳು. "ಯಾಕ್ಲೇ, ಕೊಡ ಇಲ್ಲಿಗ್ಯಾಕ ತಂದಿ?"

"ಅವ್ವನ ಹೆಸರು ಅಳಸಾಕ" ಎಂದ ಎರ್ರಿಯಪ್ಪ. "ಕೊಡ ಅವತ್ತಿಂದ ಅಟ್ಟದ ಮ್ಯಾಲ ಇತ್ತಕ್ಕ. ನೋಡದ ಇಲ್ಲ ಅಂದೆ. ಆರು ತಿಂಗಳಿಗೆ ಸಿಕ್ತು. ಹೇಳಾಕ ಹೆದರಿದೆ."

ಸಾಲಿನಲ್ಲಿದ್ದವರೆಲ್ಲ ತಮ್ಮ ತಮ್ಮ ಚೀಲ ಮರೆತು ನೋಡುತ್ತಿದ್ದರು. ಜಂಬವ್ವ ಡಬರಿಯನ್ನು ಕಟ್ಟೆಯ ಮೇಲಿಟ್ಟಳು. ಕೈ ಬೀಸಿ ತಮ್ಮನ ಬೆನ್ನಿಗೆ ಒಂದು ಬಿಟ್ಟಳು. ಆ ಸದ್ದು ರಸ್ತೆಯಾಚೆಗೂ ಕೇಳಿಸಿತು. ಆಮೇಲೆ ಅದೇ ಕೈಯನ್ನು ತೆಗೆಯದೆ ಅಲ್ಲೇ ಇಟ್ಟಳು.

"ಒಂದು ಮಾತು ಹೇಳಿದ್ರ ಅವತ್ತ ಬರ್ತಿದ್ನಲ್ಲೋ, ಹೇಡಿ" ಎಂದಳು. "ಅಂಜಲಿ ಮದುವಿಗೆ ನೀ ಬರ್ಲಿಲ್ಲ. ಸೋದರಮಾವ ಎಲ್ಲಿ ಅಂತ ಕೇಳಿದೋರಿಗೆಲ್ಲ, ಡ್ಯಾಂನ್ಯಾಗ ನೀರು ಭಾಳ ಬಂದೈತಿ, ರಜಾ ಇಲ್ಲ ಅಂತ ಸುಳ್ಳು ಹೇಳಿದೆ. ಬ್ಯಾಸಗಿ ಅದು." ಎರ್ರಿಯಪ್ಪ ಮಗುವಿನಂತೆ ಅತ್ತ. ನನ್ನ ಕಣ್ಣಲ್ಲೂ ನೀರು ಬಂತು ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಉಚ್ಚೆಂಗಪ್ಪ ಡಬರಿಯ ಮೇಲೆ ಮಷೀನು ಹಿಡಿದ. ಅದು ಗುಂಯ್ಯೆಂದಿತು. ಅಳಿಸುವ ಸಾಲಿನಿಂದ ಇಬ್ಬರು ಮೂವರು ಮೆಲ್ಲಗೆ ಕಳಚಿಕೊಂಡು ಹೋದರು. ಅವರು ಆಮೇಲೆ ಯಾರಿಗಾದರೂ ಫೋನು ಮಾಡಿದರೋ, ಇನ್ನೊಂದು ಅಂಗಡಿ ಹುಡುಕಿದರೋ ನಾನು ವಿಚಾರಿಸಲಿಲ್ಲ.

ಡ್ಯಾಮಿನ ಬಸ್ಸಿನಲ್ಲಿ ಅಕ್ಕ ತಮ್ಮ ಒಂದೇ ಸೀಟಿನಲ್ಲಿ ಕೂತರು, ನಾನು ಹಿಂದೆ. ಡಬರಿ ಅವನ ತೊಡೆಯ ಮೇಲೆ, ಕೊಡ ಅವಳ ತೊಡೆಯ ಮೇಲೆ. ಕಂಡಕ್ಟರು ಬಂದ. ಎರ್ರಿಯಪ್ಪ ದುಡ್ಡು ಕೊಟ್ಟು ಟಿಕೆಟ್ ತಗೊಂಡ. ಜಂಬವ್ವ ಆಧಾರ್ ಕಾರ್ಡು ತೋರಿಸಿದಳು, ಅವನು ಹೆಂಗಸರ ಪುಕ್ಕಟೆ ಚೀಟಿ ಹರಿದು ಕೊಟ್ಟ. ಆಮೇಲೆ ಕೊಡದ ಕಡೆ ಪೆನ್ನು ತೋರಿಸಿದ.

"ಇದಕ್ಕ ಲಗೇಜ್ ಆಕ್ಕೈತ್ರಿ, ದೊಡ್ಡದೈತಿ."

"ಹೆಸರು ಓದಪ್ಪ ಮೊದ್ಲು" ಎಂದಳು ಜಂಬವ್ವ. "ಹೆಣ್ಮಗಳು. ಹೆಣ್ಮಕ್ಳಿಗೆ ಬಸ್ ಫ್ರೀ ಅಲ್ಲೇನು?"

ಕಂಡಕ್ಟರು ಬಗ್ಗಿ ಓದಿದ. ಒಂದು ಗಳಿಗೆ ಇಬ್ಬರ ಮುಖವನ್ನೂ ನೋಡಿದ. ಅವನ ಮನೆಯಲ್ಲೂ ಟಿವಿ ಇದ್ದಿರಬೇಕು. ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು, ತಗ್ಗಿದ ದನಿಯಲ್ಲಿ ಕೇಳಿದ.

"ಕರೆಮ್ಮನೋರು ಎಲ್ಲಿ ಇಳೀತಾರ್ರಿ?"

ಎರ್ರಿಯಪ್ಪ ಅಕ್ಕನ ಕಡೆ ನೋಡಿದ. ಕೊಡ ಅವಳದು, ಕಂಪ್ಲಿಗೆ ಹೋಗಬೇಕಾದದ್ದು.

"ಮಗನ ಮನ್ಯಾಗ ಇಳೀತಾಳ" ಎಂದಳು ಜಂಬವ್ವ. "ನಾನೂ ಅಲ್ಲೇ ಇಳೀತೀನಿ."